ಹಾಯಿದೋಣಿಗೆ ಒಂದೇ ವಯಸ್ಸಿಲ್ಲ

ಬಳಸಿದ ಹಾಯಿದೋಣಿ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಯಾವ ವರ್ಷದ್ದು?’ ಎಂದು. ಅಮೆರಿಕ ಮತ್ತು ಯುರೋಪಿನ ಬಂದರುಗಳಲ್ಲಿ 40–50 ವರ್ಷ ದಾಟಿದ ಫೈಬರ್‌ಗ್ಲಾಸ್ ದೋಣಿಗಳು ಧಾರಾಳವಾಗಿ ಮಾರಾಟಕ್ಕಿವೆ. ಅಲ್ಲಿ ನೆಲೆಸಿದ ಕನ್ನಡಿಗರಲ್ಲೂ ಇಂಥ ಆಸೆ ಇಟ್ಟುಕೊಂಡವರು ಇರಬಹುದು. ಆದರೆ ವರ್ಷದ ಅಂಕಿಯೊಂದನ್ನೇ ನೋಡಿ ದೋಣಿಯನ್ನು ಒಪ್ಪುವುದೂ ತಪ್ಪು, ತಳ್ಳಿಹಾಕುವುದೂ ತಪ್ಪು. ಒಡಲು, ಡೆಕ್, ಕೀಲ್, ತಂತಿ, ಹಾಯಿ, ಎಂಜಿನ್ ಒಂದೊಂದರ ಆಯಸ್ಸೂ ಬೇರೆ. ಈ ವಿಷಯದಲ್ಲಿ ಬೇರೂರಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ತಪ್ಪು ಕಲ್ಪನೆ 1: ಹಳೆಯ ದೋಣಿ ಸಮುದ್ರಕ್ಕೆ ಲಾಯಕ್ಕಲ್ಲ.

ಸತ್ಯ: ಫೈಬರ್‌ಗ್ಲಾಸ್ ತುಕ್ಕು ಹಿಡಿಯುವುದಿಲ್ಲ, ಮರದಂತೆ ಕೊಳೆಯುವುದೂ ಇಲ್ಲ. 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ 28 ಅಡಿಯ ‘ಪಿಯರ್ಸನ್ ಟ್ರೈಟನ್’ ಮಾದರಿಯ ದೋಣಿಗಳಲ್ಲಿ ಹಲವು ಇಂದಿಗೂ ನೀರಿನಲ್ಲಿವೆ. ಒಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿ ಸುತ್ತುವ ‘ಗೋಲ್ಡನ್ ಗ್ಲೋಬ್’ ಸ್ಪರ್ಧೆಯಲ್ಲಂತೂ 1988ಕ್ಕಿಂತ ಮೊದಲು ವಿನ್ಯಾಸಗೊಂಡ, 32ರಿಂದ 36 ಅಡಿ ಉದ್ದದ ದೋಣಿಗಳಿಗೆ ಮಾತ್ರ ಪ್ರವೇಶ. 2022ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನಿಂದ ಹೊರಟ ಈ ಸ್ಪರ್ಧೆಯನ್ನು ದಕ್ಷಿಣ ಆಫ್ರಿಕದ ಕರ್ಸ್ಟನ್ ನಾಯ್‌ಶೇಫರ್ ಗೆದ್ದರು. ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟೋಮಿ ‘ರಸ್ಲರ್ 36’ ಮಾದರಿಯ ದೋಣಿಯಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಹಳೆಯ ವಿನ್ಯಾಸಗಳ ತಾಕತ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ತಪ್ಪು ಕಲ್ಪನೆ 2: ಒಡಲು ಗಟ್ಟಿಯಿದ್ದರೆ ದೋಣಿಯೇ ಗಟ್ಟಿ.

ಸತ್ಯ: ಹಳೆಯ ದೋಣಿಗಳಲ್ಲಿ ಮೊದಲು ಸೋಲುವುದು ಹೆಚ್ಚಾಗಿ ಡೆಕ್. ತೂಕ ಹೆಚ್ಚದೆ ಬಿಗಿಯಾಗಿರಲೆಂದು ಡೆಕ್ಕನ್ನು ಫೈಬರ್‌ಗ್ಲಾಸಿನ ಎರಡು ತೆಳು ಪದರಗಳ ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್ ಇಟ್ಟು ಕಟ್ಟಿರುತ್ತಾರೆ. ಅದರ ಮೇಲೆ ಕಂಬಿ, ಕೊಂಡಿ, ರಾಟೆಗಳನ್ನು ಕೂರಿಸಲು ಹತ್ತಾರು ರಂಧ್ರ ಕೊರೆದಿರುತ್ತಾರೆ. ವರ್ಷಗಳು ಕಳೆದಂತೆ ಆ ರಂಧ್ರಗಳಿಗೆ ತುಂಬಿದ ಅಂಟು ಒಣಗಿ ಬಿರಿಯುತ್ತದೆ. ಮಳೆನೀರು ಒಳಗೆ ಇಳಿದು, ಹೊರಗೆ ಏನೂ ಕಾಣದಂತೆ ಮರ ಕೊಳೆಯುತ್ತದೆ. ಈ ವಿಷಯದಲ್ಲಿ ಉಪ್ಪುನೀರಿಗಿಂತ ಮಳೆಯ ಸಿಹಿನೀರೇ ಹೆಚ್ಚು ಕೆಡುಕು ಮಾಡುತ್ತದೆ.

ಪರೀಕ್ಷೆ ಕಷ್ಟವಲ್ಲ. ಡೆಕ್ಕಿನ ಉದ್ದಕ್ಕೂ ಬರಿಗಾಲಿನಲ್ಲಿ ನಡೆಯಿರಿ. ಕಾಲಡಿ ಮೆತ್ತಗೆ ಕುಗ್ಗಿದರೆ ಅನುಮಾನಿಸಿ. ಸಣ್ಣ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಸದ್ದು ಟಣ್ಣನೆ ಮೇಲೇಳುತ್ತದೆ, ಕೊಳೆತ ಜಾಗದಲ್ಲಿ ಮಂಕಾಗುತ್ತದೆ. ಸಣ್ಣ ಜಾಗವಾದರೆ ರಿಪೇರಿ ಸುಲಭ. ಡೆಕ್ಕಿನ ಬಹುಭಾಗ ನೆನೆದಿದ್ದರೆ ಮೇಲ್ಪದರವನ್ನೇ ಕತ್ತರಿಸಿ ತೆಗೆಯಬೇಕು. ಆ ಖರ್ಚು ದೋಣಿಯ ಬೆಲೆಯನ್ನೂ ಮೀರಬಹುದು.

ತಪ್ಪು ಕಲ್ಪನೆ 3: ತಳದಲ್ಲಿ ಬೊಬ್ಬೆ ಎದ್ದಿದ್ದರೆ ದೋಣಿಯ ಕಥೆ ಮುಗಿಯಿತು.

ಸತ್ಯ: ನೀರು ಹೊರಪದರವನ್ನು ದಾಟಿ ಒಳಗಿನ ರಾಳದಲ್ಲಿ ಸೇರಿದಾಗ ಈ ಬೊಬ್ಬೆಗಳು ಏಳುತ್ತವೆ. ನೋಡಿದವರು ಹೆದರುತ್ತಾರೆ, ಆದರೆ ಬಹುತೇಕ ಸಂದರ್ಭಗಳಲ್ಲಿ ಒಡಲಿನ ಬಲಕ್ಕೆ ಧಕ್ಕೆಯಾಗಿರುವುದಿಲ್ಲ. ಕೆರೆದು, ಚೆನ್ನಾಗಿ ಒಣಗಿಸಿ, ಎಪಾಕ್ಸಿ ಬಳಿದರೆ ಸರಿಹೋಗುತ್ತದೆ. ಬೆಲೆ ಇಳಿಸಲು ಇದು ನ್ಯಾಯವಾದ ಕಾರಣ. ಪದರಗಳು ಆಳದಲ್ಲಿ ಬಿಟ್ಟುಕೊಂಡಿದ್ದರೆ ಮಾತ್ರ ಹಿಂದೆ ಸರಿಯಿರಿ.

ತಪ್ಪು ಕಲ್ಪನೆ 4: ಇತ್ತೀಚಿನ ದೋಣಿಯಾದರೆ ಭಯವಿಲ್ಲ.

ಸತ್ಯ: 2014ರ ಮೇ ತಿಂಗಳಲ್ಲಿ ‘ಚೀಕಿ ರಫೀಕಿ’ ಎಂಬ 40 ಅಡಿಯ ದೋಣಿ ಆಂಟಿಗುವಾದಿಂದ ಇಂಗ್ಲೆಂಡಿಗೆ ಮರಳುವಾಗ ಅಟ್ಲಾಂಟಿಕ್ ನಡುವೆ ಮಗುಚಿತು. ಅದರಲ್ಲಿದ್ದ ನಾಲ್ವರೂ ಬದುಕಲಿಲ್ಲ. ಆ ದೋಣಿ ತಯಾರಾಗಿದ್ದು 2006ರಲ್ಲಿ. ಒಡಲಿನ ಅಡಿಗೆ ಬಿಗಿದು ದೋಣಿಯನ್ನು ನೆಟ್ಟಗೆ ನಿಲ್ಲಿಸುವ ಭಾರವೇ ಕೀಲ್. ಅದು ಕಳಚಿಹೋಗಿತ್ತು. ಹಿಂದೆ ತಳ ನೆಲಕ್ಕೆ ತಾಗಿದ ಘಟನೆಗಳು ಮತ್ತು ಆ ಬಳಿಕದ ರಿಪೇರಿಗಳು ಸೇರಿ ರಚನೆಯನ್ನು ದುರ್ಬಲಗೊಳಿಸಿರಬಹುದು ಎಂದು ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆ ಹೇಳಿತು. ಆದ್ದರಿಂದ ‘ಎಷ್ಟು ಹಳೆಯದು?’ ಎಂಬುದರ ಜೊತೆಗೆ ‘ಎಲ್ಲಿ ತಾಗಿತ್ತು, ಯಾರು ರಿಪೇರಿ ಮಾಡಿದರು?’ ಎಂದೂ ಕೇಳಲೇಬೇಕು. ಕೀಲ್ ಮತ್ತು ಒಡಲು ಕೂಡುವಲ್ಲಿ ಬಿರುಕು, ಒಳಗಿನ ಬೋಲ್ಟುಗಳ ಸುತ್ತ ತುಕ್ಕಿನ ಕಲೆ ಕಂಡರೆ ಅದನ್ನು ಪರಿಣತರಿಗೆ ತೋರಿಸದೆ ಮುಂದುವರಿಯಬೇಡಿ.

ತಪ್ಪು ಕಲ್ಪನೆ 5: ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕಿನ ಚಿಂತೆಯಿಲ್ಲ.

ಸತ್ಯ: ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರ ಮೈಮೇಲಿನ ತೆಳುವಾದ ಆಕ್ಸೈಡ್ ಪೊರೆ. ಆ ಪೊರೆ ಉಳಿಯಲು ಆಮ್ಲಜನಕ ಬೇಕು. ಹಾಯಿಕಂಬವನ್ನು ಹಿಡಿದಿಡುವ ತಂತಿಗಳನ್ನು ದೋಣಿಗೆ ಕಟ್ಟುವ ಲೋಹದ ಪಟ್ಟಿಗಳು ಡೆಕ್ಕಿನ ಸಂದಿಯೊಳಗೆ ಹಾದುಹೋಗುತ್ತವೆ. ಅಲ್ಲಿ ಉಪ್ಪುನೀರು ನಿಂತು, ಗಾಳಿ ಆಡದೆ, ಕಣ್ಣಿಗೆ ಕಾಣದಂತೆ ಲೋಹ ಸವೆಯುತ್ತದೆ. ಒಂದು ಪಟ್ಟಿ ತುಂಡಾದರೂ ಕಂಬವೇ ಉರುಳಬಹುದು. 10–15 ವರ್ಷವಾದ ತಂತಿಗಳನ್ನು ಬದಲಿಸುವಂತೆ ಅನೇಕ ವಿಮಾ ಕಂಪನಿಗಳು ಹೇಳುವುದು ಸುಮ್ಮನಲ್ಲ. ತಂತಿ ಬದಲಿಸಿದ ರಸೀದಿ ತೋರಿಸಲಾಗದಿದ್ದರೆ ಆ ಖರ್ಚು ನಿಮ್ಮದೇ ಎಂದು ಲೆಕ್ಕ ಹಾಕಿ.

ತಪ್ಪು ಕಲ್ಪನೆ 6: ಕಡಿಮೆ ಓಡಿದ ದೋಣಿಯೇ ಒಳ್ಳೆಯದು.

ಸತ್ಯ: ಹಾಯಿಯ ಬಟ್ಟೆಯನ್ನು ಗಾಳಿಯಷ್ಟೇ ಬಿಸಿಲೂ ಸವೆಸುತ್ತದೆ. ಮುಚ್ಚಿಗೆಯಿಲ್ಲದೆ ಬಂದರಿನಲ್ಲೇ ನಿಂತ ದೋಣಿಯ ಹಾಯಿ ಬಳಕೆಯಿಲ್ಲದೆಯೂ ಜೀರ್ಣವಾಗುತ್ತದೆ. ಕೆಲಸವಿಲ್ಲದ ಡೀಸೆಲ್ ಎಂಜಿನ್ನಿನಲ್ಲಿ ತೇವ ಸೇರಿ ತುಕ್ಕು ಹಿಡಿಯುತ್ತದೆ, ತೊಟ್ಟಿಯ ಇಂಧನ ಕೆಡುತ್ತದೆ. ಪ್ರತಿವರ್ಷ ಸಮುದ್ರಕ್ಕಿಳಿದು, ಪ್ರತಿವರ್ಷ ಸರ್ವಿಸ್ ಕಂಡ ದೋಣಿ ಇದಕ್ಕಿಂತ ಎಷ್ಟೋ ಮೇಲು. ಎಂಜಿನ್ ನೋಡುವಾಗ ಅದು ತಣ್ಣಗಿರುವಾಗಲೇ ಚಾಲೂ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಿ.

ತಪ್ಪು ಕಲ್ಪನೆ 7: ಅಗ್ಗಕ್ಕೆ ಸಿಕ್ಕರೆ ಲಾಭ, ತಪಾಸಣೆ ದಂಡ.

ಸತ್ಯ: ಕೊಂಡ ಬೆಲೆ ಖರ್ಚಿನ ಮೊದಲ ಕಂತು ಮಾತ್ರ. ಲಂಗರುತಾಣದ ಬಾಡಿಗೆ, ವಿಮೆ, ತಳದ ಬಣ್ಣ, ಬಿಡಿಭಾಗ ಎಲ್ಲವೂ ಪ್ರತಿವರ್ಷ ಬರುತ್ತವೆ. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ನೀವೇ ನೇಮಿಸಿದ ಸರ್ವೇಯರ್‌ನಿಂದ ಪರೀಕ್ಷೆ ಮಾಡಿಸಿ. ಮಾರುವವರು ಕೊಟ್ಟ ವರದಿಯನ್ನಷ್ಟೇ ನಂಬಬೇಡಿ. ಆಮೇಲೆ ಹಾಯಿ ಬಿಚ್ಚಿ ಒಮ್ಮೆ ಸಮುದ್ರದಲ್ಲಿ ಓಡಿಸಿ ನೋಡಿ. ಅಮೆರಿಕದಲ್ಲಿ 1972ರ ನವೆಂಬರ್‌ನಿಂದ ತಯಾರಾದ ದೋಣಿಗಳ ಹಿಂಬದಿಯಲ್ಲಿ 12 ಅಕ್ಷರ–ಅಂಕಿಗಳ ಗುರುತುಸಂಖ್ಯೆ ಇರುತ್ತದೆ. ಮಾರುವವರು ಹೇಳಿದ ವರ್ಷ ನಿಜವೇ ಎಂಬುದನ್ನು ಸಾಮಾನ್ಯವಾಗಿ ಅದರಿಂದಲೇ ತಾಳೆ ನೋಡಬಹುದು.

ದೋಣಿ ನೋಡಲು ಹೋಗುವಾಗ ಒಂದು ಹಾಳೆ ಜೊತೆಗಿರಲಿ. ಒಡಲು, ಡೆಕ್, ಕೀಲ್, ತಂತಿ, ಹಾಯಿ, ಎಂಜಿನ್ ಎಂದು ಸಾಲಾಗಿ ಬರೆದು, ಪ್ರತಿಯೊಂದರ ಎದುರು ಅದರ ವಯಸ್ಸು ಮತ್ತು ಕೊನೆಯ ರಿಪೇರಿಯ ದಿನಾಂಕ ತುಂಬಿಸಿ. ಅರ್ಧ ಹಾಳೆ ಖಾಲಿ ಉಳಿದರೆ, ದೋಣಿ ಎಷ್ಟೇ ಚೆಂದ ಕಂಡರೂ ಮುಂಗಡ ಕೊಡಬೇಡಿ. ಕೊಳ್ಳಲು ಇನ್ನೊಂದು ದೋಣಿ ಸಿಕ್ಕೇ ಸಿಗುತ್ತದೆ.