ಬಿಸಿನೀರು ಬಗ್ಗಿಸಿದರೆ ಮಗನಿಗೆ ಸುದ್ದಿ

1996ರ ಏಪ್ರಿಲ್. ಟೋಕಿಯೊದ ಇಕೆಬುಕುರೊದಲ್ಲಿ ಒಂದು ಮನೆಯ ಬಾಗಿಲು ತೆರೆದಾಗ, 77 ವರ್ಷದ ತಾಯಿಯೂ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ 41 ವರ್ಷದ ಮಗನೂ ಹಸಿವಿನಿಂದ ಸತ್ತು ವಾರಗಳೇ ಆಗಿದ್ದವು. ತಿಂದದ್ದೇನು, ಖರ್ಚಾದದ್ದೆಷ್ಟು ಎಂದು ಆಕೆ ಬರೆದಿಡುತ್ತಿದ್ದ ದಿನಚರಿ ಸಿಕ್ಕಿತು. ಮುಂದೆ ಅದು ಪುಸ್ತಕವೂ ಆಯಿತು. ಜಪಾನಿನ ಅತ್ಯಂತ ಗಿಜಿಗುಡುವ ರೈಲು ನಿಲ್ದಾಣಗಳಲ್ಲೊಂದು ಇರುವುದು ಅದೇ ಇಕೆಬುಕುರೊದಲ್ಲಿ.

ಈ ಸಾವು ಆ ಭಾಗದ ಒಬ್ಬ ವೈದ್ಯರನ್ನು ಕಾಡಿತು. ಮನೆಯಲ್ಲಿ ದಿನವೂ ಬಳಸುವ ಯಾವುದಾದರೂ ವಸ್ತುವೇ ಒಂಟಿ ವೃದ್ಧರ ಕ್ಷೇಮ ತಿಳಿಸುವಂತೆ ಮಾಡಬಹುದಲ್ಲ ಎಂಬ ಯೋಚನೆಯನ್ನು ಅವರು ಜೋಜಿರುಶಿ ಕಂಪನಿಯ ಮುಂದಿಟ್ಟರು. 1918ರಲ್ಲಿ ಒಸಾಕಾದಲ್ಲಿ ಹುಟ್ಟಿದ, ಆನೆ ಮಾರ್ಕಿನ ಫ್ಲಾಸ್ಕುಗಳಿಗೆ ಹೆಸರಾದ ಕಂಪನಿ ಅದು. ಅಮೆರಿಕ, ಜರ್ಮನಿಗಳಲ್ಲಿ 1970ರ ದಶಕದಿಂದಲೇ ಕೊರಳಿಗೆ ಹಾಕಿಕೊಳ್ಳುವ ತುರ್ತು ಗುಂಡಿಗಳು ಬಂದಿದ್ದವು. ಆದರೆ ಬಿದ್ದವರಿಗೆ ಅದನ್ನು ಒತ್ತುವಷ್ಟು ಎಚ್ಚರವಿರಬೇಕು, ಅದಕ್ಕೂ ಮೊದಲು ಅದು ಕೊರಳಲ್ಲಿರಬೇಕು. ತಾನು ಕೈಲಾಗದವಳು ಎಂದು ಸಾರುವ ವಸ್ತುವನ್ನು ಎಷ್ಟು ಜನ ಅಜ್ಜಿಯರು ಇಷ್ಟಪಟ್ಟು ಹಾಕಿಕೊಂಡಾರು?

ಜಪಾನಿನ ಹಿರಿಯರ ಮನೆಗಳಲ್ಲಿ ವಿದ್ಯುತ್ ಪಾತ್ರೆಯೊಂದರಲ್ಲಿ ಇಡೀ ದಿನ ನೀರು ಬಿಸಿಯಾಗಿರುತ್ತದೆ. ಬೆಳಿಗ್ಗೆ ಎದ್ದರೆ ಗ್ರೀನ್ ಟೀ, ಊಟಕ್ಕೆ ಟೀ, ಯಾರಾದರೂ ಬಂದರೂ ಟೀ. ಆ ಪಾತ್ರೆಯನ್ನೇ ಆರಿಸಿಕೊಂಡದ್ದು ಈ ಇಡೀ ಕತೆಯ ಜಾಣತನ. ಕಂಪ್ಯೂಟರ್ ಕಂಪನಿ ಫುಜಿತ್ಸು ಮತ್ತು ದೂರವಾಣಿ ಕಂಪನಿ ಎನ್‌ಟಿಟಿ ಜೊತೆ ಸೇರಿ ಜೋಜಿರುಶಿ 2001ರ ಮಾರ್ಚ್‌ನಲ್ಲಿ ಐ-ಪಾಟ್ ಎಂಬ ಸೇವೆ ಶುರುಮಾಡಿತು. ಒಳಗೊಂದು ಪುಟ್ಟ ವೈರ್‌ಲೆಸ್ ಉಪಕರಣ. ಅಜ್ಜಿ ನೀರು ಬಗ್ಗಿಸಿದ ಸಮಯ ದಾಖಲಾಗುತ್ತಿತ್ತು. ದೂರದ ಮಕ್ಕಳಿಗೆ ದಿನಕ್ಕೆರಡು ಸಲ ಇಮೇಲ್ ಹೋಗುತ್ತಿತ್ತು. ತಿಂಗಳಿಗೆ ಸುಮಾರು 3,000 ಯೆನ್ ಬಾಡಿಗೆ ಇತ್ತು. ಸೇವೆ ಪಡೆದವರ ಸಂಖ್ಯೆ ಹತ್ತು ಸಾವಿರ ದಾಟಿತು. ಮರುವರ್ಷವೇ ಟೋಕಿಯೊ ಗ್ಯಾಸ್ ಕಂಪನಿ ಅಡುಗೆ ಅನಿಲದ ಬಳಕೆಯನ್ನು ಮಕ್ಕಳಿಗೆ ತಿಳಿಸತೊಡಗಿತು.

ಆಮೇಲೆ ಬಂದ ಕ್ಯಾಮೆರಾ, ಕೈಗಡಿಯಾರ, ಆ್ಯಪ್‌ಗಳ ಸಾಲನ್ನು ಇಲ್ಲಿ ಎಣಿಸುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಐ-ಪಾಟ್‌ನ ಮರ್ಯಾದೆಯನ್ನು ಮರೆತಿವೆ ಎಂಬುದೇ ನನ್ನ ಸಂಕಟ. ಎಂಬತ್ತು ದಾಟಿದವರು ಪಾಸ್‌ವರ್ಡ್ ನೆನಪಿಡಬೇಕು, ಚಾರ್ಜ್ ಮಾಡಬೇಕು, ಹಾಲ್‌ನ ಮೂಲೆಯ ಕ್ಯಾಮೆರಾ ಮುಂದೆ ಸೆರಗು ಸರಿಮಾಡಿಕೊಂಡು ಕೂರಬೇಕು. ಐ-ಪಾಟ್ ಅಜ್ಜಿಯಿಂದ ಏನನ್ನೂ ಕೇಳಲಿಲ್ಲ. ಟೀ ಕುಡಿದರೆ ಸಾಕಿತ್ತು.

ಆದರೆ ಒಂದು ಮಾತನ್ನು ಬಿಡುವಂತಿಲ್ಲ. ಇಕೆಬುಕುರೊದ ಆ ತಾಯಿಯ ಮನೆಯಲ್ಲಿ ಈ ಪಾತ್ರೆ ಇದ್ದಿದ್ದರೂ ಇಮೇಲ್ ಹೋಗಬೇಕಾದದ್ದು ಯಾರಿಗೆ? ಮಗ ಪಕ್ಕದಲ್ಲೇ ಮಲಗಿದ್ದ. ಊಟಕ್ಕೇ ಇಲ್ಲದವಳು ಬಾಡಿಗೆ ಎಲ್ಲಿಂದ ತರುತ್ತಿದ್ದಳು? ಯಾರ ಸಾವಿನಿಂದ ಯೋಚನೆ ಹುಟ್ಟಿತೋ ಅವರಂಥವರಿಗೇ ಅದು ತಲುಪಲಿಲ್ಲ. ಜಪಾನ್ ಪೊಲೀಸರ ಲೆಕ್ಕದಂತೆ 2024ರಲ್ಲಿ ಮನೆಯಲ್ಲಿ ಒಂಟಿಯಾಗಿ ಸತ್ತವರು 76 ಸಾವಿರಕ್ಕೂ ಹೆಚ್ಚು. ಅವರಲ್ಲಿ ಮುಕ್ಕಾಲು ಪಾಲು 65 ದಾಟಿದವರು. 2013ರಲ್ಲಿ ಅಲ್ಲಿನ ಅಂಚೆ ಕಂಪನಿ ತನ್ನ ಸಿಬ್ಬಂದಿಯನ್ನು ವೃದ್ಧರ ಮನೆಗೆ ಕಳಿಸಿ ಮಾತಾಡಿಸುವ ಸೇವೆ ಆರಂಭಿಸಿತು. ಅಷ್ಟೊಂದು ಯಂತ್ರಗಳ ದೇಶವೂ ಮತ್ತೆ ಮನುಷ್ಯರನ್ನೇ ಬಾಗಿಲಿಗೆ ಕಳಿಸಬೇಕಾಯಿತು.

ನಮ್ಮಲ್ಲಿ ಬೆಂಗಳೂರು ಪೊಲೀಸರೂ ನೈಟಿಂಗೇಲ್ಸ್ ಎಂಬ ಸ್ವಯಂಸೇವಾ ಸಂಸ್ಥೆಯೂ ಸೇರಿ 2002ರಲ್ಲೇ 1090 ಎಂಬ ಹಿರಿಯರ ಸಹಾಯವಾಣಿ ಆರಂಭಿಸಿದ್ದರು. ಈಗ ದೇಶಕ್ಕೆಲ್ಲ ಒಂದೇ ಸಂಖ್ಯೆ ಇದೆ: 14567. ಕರೆ ಉಚಿತ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರ ಫೋನಿನಲ್ಲಿ ಈ ಸಂಖ್ಯೆಯನ್ನು ನೀವೇ ಹಾಕಿಕೊಡಿ, ಅದರ ಕೆಳಗೆ ನಿಮ್ಮದನ್ನೂ.