ಮಾಲು ಮನಿಯಾಗ, ಅಂಗಡಿ ಬಂದ್!

ಆನ್‌ಲೈನ್ ಮಾರಾಟ ಖಾತೆ ಮರಳಿ ಪಡೆಯಲು ಗಡಿನಾಡ ಸೊಸೆಯ 44 ದಿನಗಳ ಓಡಾಟ

ಅಕ್ಕಲಕೋಟ: ದಸರೆಗೆ ಮೂರೇ ದಿನ ಉಳಿದಿತ್ತು. ಪಡಸಾಲೆಯಲ್ಲಿ ಆಳೆತ್ತರಕ್ಕೆ ಟರ್ಕಿಶ್ ಟವೆಲ್ ಗಂಟುಗಳು, ಪಕ್ಕದಲ್ಲಿ ಸೊಲ್ಲಾಪುರಿ ಚಾದರದ ಎರಡು ದೊಡ್ಡ ಮೂಟೆ. ದೀಪಾವಳಿ ಗಿರಾಕಿಗೆಂದು ಸಾಲ ಮಾಡಿ ತುಂಬಿಸಿದ ಮಾಲು. 2024ರ ಅಕ್ಟೋಬರ್ 9ರ ಬೆಳಿಗ್ಗೆ ಆ ಮನೆಯ ಸೊಸೆ ಎಂದಿನಂತೆ ಮೊಬೈಲ್ ತೆರೆದರೆ ಹೊಸ ಆರ್ಡರ್ ಒಂದೂ ಇಲ್ಲ. ಮೇಲ್ಗಡೆ ಕೆಂಪು ಪಟ್ಟಿ. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ‘ನಿಮ್ಮ ಮಾರಾಟ ಖಾತೆ ಅಮಾನತು ಮಾಡಲಾಗಿದೆ’ ಎಂಬುದು ಅದರ ತಾತ್ಪರ್ಯ.

ಅಕ್ಕಲಕೋಟ ತಾಲೂಕಿನ ಈ ಕುಟುಂಬ ಹೆಸರು ಬೇಡ ಎಂದಿದೆ. ಧಂದೆ ಇನ್ನೂ ಅದೇ ಕಂಪನಿಯ ಕೈಯಲ್ಲಿದೆ ಎಂಬ ಅಂಜಿಕೆ ಒಂದು ಕಡೆ, ಊರಾಗಿನ ಮಂದಿ ‘ಏನೋ ಮೋಸ ಮಾಡಿರಬೇಕು’ ಅಂದಾರು ಎಂಬ ಸಂಕೋಚ ಇನ್ನೊಂದು ಕಡೆ. ಎರಡೂ ಸುಳ್ಳಲ್ಲ.

ಮಾವನದು ಊರಲ್ಲಿ ಹಳೇ ಬಟ್ಟೆ ಅಂಗಡಿ. ಸೊಲ್ಲಾಪುರದ ಅಕ್ಕಲಕೋಟ ರೋಡ್ ಎಂಐಡಿಸಿಯ ಮಗ್ಗದವರ ಜೊತೆ ಹತ್ತಾರು ವರ್ಷದ ವ್ಯವಹಾರ. ಸೊಸೆ ಇಂಡಿ ತಾಲೂಕಿನವರು, ಬಿ.ಎ. ಓದಿದವರು. ಕೊರೊನಾ ಕಾಲದಲ್ಲಿ ಅಂಗಡಿ ಸೊರಗಿದಾಗ 2021ರಲ್ಲಿ ತಮ್ಮ ಹೆಸರಿನಲ್ಲೇ ಜಿಎಸ್‌ಟಿ ನಂಬರ್ ಮಾಡಿಸಿ ಆನ್‌ಲೈನ್ ಮಾರಾಟ ಶುರು ಮಾಡಿದರು. ಮೂರು ವರ್ಷ ಸುಸೂತ್ರ ನಡೆಯಿತು. ಮನೆ ಖರ್ಚು, ಮಗನ ಫೀ ಎಲ್ಲ ಅದರಲ್ಲೇ.

ಜಿಎಸ್‌ಟಿ ನಂಬರ್ ವಿಚಾರದಲ್ಲಿ ಗಡಿ ಊರಿನವರದು ಒಂದು ಬೇರೆಯೇ ಪಾಡು. ವಹಿವಾಟು ಮಿತಿಯೊಳಗಿರುವ ಸಣ್ಣ ವ್ಯಾಪಾರಿ ಜಿಎಸ್‌ಟಿ ನೋಂದಣಿ ಇಲ್ಲದೆಯೂ ಆನ್‌ಲೈನ್‌ನಲ್ಲಿ ಮಾರಬಹುದು ಎಂದು 2023ರ ಅಕ್ಟೋಬರ್ 1ರಿಂದ ಸಡಿಲಿಕೆ ಬಂತು. ಆದರೆ ತನ್ನ ರಾಜ್ಯದೊಳಗೆ ಮಾತ್ರ. ಅಕ್ಕಲಕೋಟದಿಂದ ನಾಗಪುರಕ್ಕೆ ಟವೆಲ್ ಕಳಿಸಿದರೆ ಅದು ಒಳರಾಜ್ಯ. ಸಂಬಂಧಿಕರಿರುವ ಅಫಜಲಪುರಕ್ಕೋ ಆಳಂದಕ್ಕೋ ಕಳಿಸಿದರೆ ಹೊರರಾಜ್ಯ! ಹೆಣ್ಣು ಕೊಟ್ಟು ತಂದುಕೊಳ್ಳುವ ಊರು ಕಾನೂನಿನ ಲೆಕ್ಕದಲ್ಲಿ ಪರದೇಶ. ಹಾಗಾಗಿ ಈ ಭಾಗದವರಿಗೆ ಆ ಸಡಿಲಿಕೆಯಿಂದ ಹೆಚ್ಚೇನೂ ಆಗಲಿಲ್ಲ.

ಮೊದಲ ಅರ್ಜಿ: ಕಣ್ಣೀರು

ಅಮಾನತಿಗೆ ಕಾರಣ ಕಂಪನಿಯ ಪತ್ರದಲ್ಲೇ ಇತ್ತು. ‘ಇದು ಅಸಲಿ ಸೊಲ್ಲಾಪುರಿ ಚಾದರ ಅಲ್ಲ’ ಎಂದು ಗಿರಾಕಿಯೊಬ್ಬರು ದೂರಿದ್ದಾರೆ, ಮಾಲು ಎಲ್ಲಿಂದ ತಂದಿರಿ ಎಂಬುದಕ್ಕೆ ಖರೀದಿ ಬಿಲ್ಲು ಕೊಡಿ, ಜೊತೆಗೆ ಗುರುತು ಮತ್ತು ವಿಳಾಸದ ದಾಖಲೆ ಕೊಡಿ ಎಂದು ಕೇಳಲಾಗಿತ್ತು. ಗಾಬರಿಯಲ್ಲಿ ಅದನ್ನು ಪೂರ್ತಿ ಓದಿದವರು ಯಾರು?

ಅವತ್ತೇ ರಾತ್ರಿ ಗಂಡ ಹೆಂಡತಿ ಕೂತು ಒಂದೂವರೆ ಪುಟದ ಅರ್ಜಿ ಬರೆದರು. ‘ನಾವು ಅಜ್ಜನ ಕಾಲದಿಂದ ಪ್ರಾಮಾಣಿಕರು, ನಮ್ಮಿಂದ ಏನೂ ತಪ್ಪಾಗಿಲ್ಲ, ಹಬ್ಬದ ಹೊತ್ತಿನಲ್ಲಿ ಹೊಟ್ಟೆಯ ಮೇಲೆ ಹೊಡೆಯಬೇಡಿ’ ಎಂದು. ಮರುದಿನ ಮಧ್ಯಾಹ್ನದೊಳಗೆ ಉತ್ತರ ಬಂತು. ಕೊಟ್ಟ ಮಾಹಿತಿ ಸಾಲದು, ಖಾತೆ ತೆರೆಯಲು ಆಗುವುದಿಲ್ಲ.

“ನಾವ್ ಇಷ್ಟ್ ಬರದ್ವಿ, ಅವ್ರು ಓದ್ಯಾರೋ ಇಲ್ಲೋ ದೇವರಿಗೇ ಗೊತ್ರೀ” ಎನ್ನುತ್ತಾರೆ ಸೊಸೆ.

ಎರಡನೇ ಸಲ ಬಿಲ್ಲು ಕಳಿಸಿದರು. ಬಿಲ್ಲು ಅಂದರೆ ಮಗ್ಗದ ಗುಮಾಸ್ತ ಮರಾಠಿಯಲ್ಲಿ ಕೈಯಿಂದ ಗೀಚಿಕೊಟ್ಟ ಚೀಟಿ. ಎಷ್ಟು ಡಜನ್, ಎಷ್ಟು ರೂಪಾಯಿ, ಕೆಳಗೊಂದು ಸಹಿ. ಮೊಬೈಲ್‌ನಲ್ಲಿ ಹೊಡೆದ ಫೋಟೊ, ಮೂಲೆಯಲ್ಲಿ ಹೆಬ್ಬೆರಳು. ಅದೂ ತಿರಸ್ಕಾರ. ನಾಲ್ಕು ದಿನ ಮತ್ತೆ ಹೋಯಿತು.

ನೆಂಟರೊಬ್ಬರು ಸುಲಭದ ದಾರಿ ಹೇಳಿಕೊಟ್ಟರು. ಗಂಡನ ಹೆಸರಿನಲ್ಲಿ ಇನ್ನೊಂದು ಖಾತೆ ತೆಗೆದು ಅದೇ ಮಾಲು ಮಾರುವುದು! ಹೀಗೆ ಮಾಡಿದವರು ಇದ್ದಾರೆ. ವಿಳಾಸ, ಫೋನ್ ನಂಬರ್, ಬ್ಯಾಂಕ್ ಖಾತೆ ತಾಳೆ ಬಿದ್ದರೆ ಎರಡನೆಯದೂ ಮುಚ್ಚುತ್ತದೆ, ಮೊದಲನೆಯದರ ಮೇಲ್ಮನವಿಯೂ ಹಳ್ಳ ಹಿಡಿಯುತ್ತದೆ. ಸೊಲ್ಲಾಪುರದ ಏಜೆಂಟನೊಬ್ಬ 15 ಸಾವಿರ ರೂಪಾಯಿ ಕೊಟ್ಟರೆ ವಾರದಲ್ಲಿ ಖಾತೆ ತೆರೆಸುವುದಾಗಿ ಹೇಳಿದ. ಹೇಗೆ ಎಂದು ಕೇಳಿದರೆ ಆತ ‘ಬಿಲ್ಲು ನಾವೇ ತಯಾರು ಮಾಡ್ತೀವಿ’ ಅಂದ. ಮಾವನ ಮನಸ್ಸು ಅತ್ತ ವಾಲಿತ್ತು. ಸಾಲದ ಬಡ್ಡಿ ಓಡುತ್ತಿತ್ತಲ್ಲ.

‘ತಂಗಿ, ಇದು ದೂರಲ್ಲ, ಉತ್ತರ’

ಅವರನ್ನು ತಡೆದವರು ಜಿಎಸ್‌ಟಿ ಲೆಕ್ಕ ಬರೆಯುವ ಅಕೌಂಟಂಟ್. ಮಾಲಿಲ್ಲದೆ ಸುಳ್ಳು ಬಿಲ್ಲು ಮಾಡಿದರೆ ಜಿಎಸ್‌ಟಿ ಕಾಯ್ದೆಯ 122ನೇ ಕಲಮಿನಡಿ ಕನಿಷ್ಠ 10 ಸಾವಿರ ರೂಪಾಯಿ ದಂಡವಿದೆ, ತೆರಿಗೆ ಮೊತ್ತ ಅದಕ್ಕಿಂತ ಹೆಚ್ಚಿದ್ದರೆ ಅಷ್ಟೂ ಕಟ್ಟಬೇಕು. ಅದಕ್ಕಿಂತ ಮುಖ್ಯವಾಗಿ, ಕಂಪನಿಯವರು ಮಗ್ಗಕ್ಕೆ ಫೋನ್ ಮಾಡಿ ವಿಚಾರಿಸಿದರೆ ಅಲ್ಲಿಗೆ ಮುಗಿಯಿತು. ಖೋಟಾ ದಾಖಲೆ ಎಂದು ಖಾತೆ ಕಾಯಂ ಬಂದ್.

“ತಂಗಿ, ಇದು ದೂರಿನ ಅರ್ಜಿ ಅಲ್ಲ. ಅವ್ರು ಕೇಳಿದ್ದಕ್ಕ ಉತ್ತರ ಬರೀಬೇಕು. ಯಾಕ ಆತು, ಏನ್ ಸರಿ ಮಾಡೀರಿ, ಮುಂದ ಆಗದಂಗ ಏನ್ ಮಾಡ್ತೀರಿ. ಮೂರ ಮಾತು” ಎಂದು ಅವರು ಕೂಡಿಸಿ ಹೇಳಿದರು. ಬಳಿಕ ಮನೆಯ ಕಾಗದಪತ್ರವನ್ನೆಲ್ಲ ಚಾಪೆಯ ಮೇಲೆ ಹರಡಿಸಿದರು. ಅಸಲಿ ಕಥೆ ಹೊರಗೆ ಬಂದದ್ದು ಆಗ.

ಸೊಸೆಯ ಪ್ಯಾನ್ ಕಾರ್ಡ್ ಮದುವೆಗೆ ಮೊದಲು ಇಂಡಿಯಲ್ಲಿ ಮಾಡಿಸಿದ್ದು. ಅದರಲ್ಲಿ ತವರಿನ ಅಡ್ಡಹೆಸರು. ಜಿಎಸ್‌ಟಿ ಹೆಸರು ಪ್ಯಾನ್ ಪ್ರಕಾರ ಬರುವುದರಿಂದ ಅಲ್ಲೂ ಅದೇ. 2023ರಲ್ಲಿ ಮಗನ ಶಾಲೆ ಪ್ರವೇಶಕ್ಕೆ ಬೇಕೆಂದು ಆಧಾರ್‌ನಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ತನ್ನ ಹೆಸರು, ಗಂಡನ ಹೆಸರು, ಗಂಡನ ಮನೆಯ ಅಡ್ಡಹೆಸರು ಎಂದು ಮಾಡಿಸಿದ್ದರು. ಬ್ಯಾಂಕಿನವರೂ ಕೆವೈಸಿ ಮಾಡುವಾಗ ಹಾಗೇ ತಿದ್ದಿಕೊಂಡಿದ್ದರು. ಅಡ್ಡಹೆಸರಿನ ಇಂಗ್ಲಿಷ್ ಅಕ್ಷರ ಒಂದು ಕಡೆ ಕನ್ನಡದ ಉಚ್ಚಾರಕ್ಕೆ ತಕ್ಕಂತೆ, ಇನ್ನೊಂದು ಕಡೆ ಮರಾಠಿ ಉಚ್ಚಾರಕ್ಕೆ ತಕ್ಕಂತೆ. ಮನೆಯ ಲೈಟ್ ಬಿಲ್ಲು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿ. ಖರೀದಿ ಚೀಟಿ ಮಾವನ ಅಂಗಡಿ ಹೆಸರಿನಲ್ಲಿ. ಒಂದೇ ಮನೆ, ಒಂದೇ ಧಂದೆ. ಆದರೆ ಕಾಗದ ನೋಡಿದವರಿಗೆ ಅಲ್ಲಿ ನಾಲ್ಕು ಮಂದಿ ಬೇರೆ ಬೇರೆ!

ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಮನೆಗಳಲ್ಲಿ ಇದು ಹೊಸದಲ್ಲ. ಕರ್ನಾಟಕದಿಂದ ಬಂದ ಸೊಸೆಯಂದಿರ ಶಾಲಾ ದಾಖಲೆ ಕನ್ನಡದಲ್ಲಿ, ಇಲ್ಲಿನ ರೇಶನ್ ಕಾರ್ಡ್ ಮರಾಠಿಯಲ್ಲಿ. ತಲಾಠಿ ಕಚೇರಿಯಲ್ಲಾದರೆ ಗುರುತಿನವರೊಬ್ಬರು ‘ಇವರು ಅವರೇ’ ಎಂದು ಹೇಳಿದರೆ ಕೆಲಸ ಸಾಗುತ್ತದೆ. ಕಂಪ್ಯೂಟರ್ ಹಾಗೆ ಯಾರ ಮಾತನ್ನೂ ಕೇಳುವುದಿಲ್ಲ.

ಚಾದರದ ಹೆಸರೂ ದಾಖಲೆಯೇ

ಇನ್ನು ಗಿರಾಕಿಯ ದೂರು. ಮರಳಿ ಬಂದ ಚಾದರವನ್ನು ಬಿಚ್ಚಿ ನೋಡಿದರೆ ಅದಕ್ಕೆ ಮಗ್ಗದ ಲೇಬಲ್ ಇರಲಿಲ್ಲ. ಮಾವ ಅಗ್ಗಕ್ಕೆ ಸಿಕ್ಕಿತೆಂದು ಸಣ್ಣಪುಟ್ಟ ಕುಂದಿನ ಸೆಕೆಂಡ್ಸ್ ಮಾಲಿನ ಒಂದು ಲಾಟ್ ತಂದಿದ್ದರು. ಮಾಲು ಸೊಲ್ಲಾಪುರದ್ದೇ, ಅನುಮಾನವಿಲ್ಲ. ಆದರೆ ಸೊಸೆ ಹಾಕಿದ್ದ ಫೋಟೊದಲ್ಲಿ ಲೇಬಲ್ ಇರುವ ಚಾದರ, ಗಿರಾಕಿಯ ಕೈಗೆ ಹೋದದ್ದು ಲೇಬಲ್ ಇಲ್ಲದ್ದು. ‘ನಮ್ಮಿಂದ ತಪ್ಪೇ ಆಗಿಲ್ಲ’ ಎಂದು ಮೊದಲ ಅರ್ಜಿಯಲ್ಲಿ ಬರೆದದ್ದು ಹೀಗೆ ಸುಳ್ಳಾಗಿತ್ತು. ಅವರಿಗೇ ಗೊತ್ತಿರಲಿಲ್ಲ, ಅಷ್ಟೆ.

ಗಿರಾಕಿ ಸಂಶಯ ಪಟ್ಟದ್ದರಲ್ಲೂ ಅರ್ಥವಿದೆ. ಬೇರೆ ಊರಿನ ಮಗ್ಗದ ಮಾಲಿಗೆ ಸೊಲ್ಲಾಪುರದ ಹೆಸರು ಹಚ್ಚಿ ಮಾರುವ ಹಾವಳಿ ಹಳೆಯದು. ಸೊಲ್ಲಾಪುರ ಚಾದರ ಮತ್ತು ಸೊಲ್ಲಾಪುರ ಟೆರ್ರಿ ಟವೆಲ್ ಎರಡಕ್ಕೂ ಭೌಗೋಳಿಕ ಗುರುತಿನ ನೋಂದಣಿ, ಅಂದರೆ ಜಿಐ ಇದೆ. 1999ರ ಈ ಕಾಯ್ದೆ ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ನೋಂದಾಯಿತ ಹೆಸರು ಬಳಸಲು ‘ಅಧಿಕೃತ ಬಳಕೆದಾರ’ರಾಗಿ ದಾಖಲಾಗುವ ವ್ಯವಸ್ಥೆ ಅದರಲ್ಲಿದೆ. ಆ ಮನೆಯಲ್ಲಿ ಅದರ ಹೆಸರನ್ನೂ ಯಾರೂ ಕೇಳಿರಲಿಲ್ಲ. ಸೊಲ್ಲಾಪುರಿ ಎಂಬುದು ಅವರಿಗೆ ಊರ ಹೆಸರು. ಕಾನೂನಿಗೆ ಅದು ಒಂದು ಹಕ್ಕು.

ಮೂರನೇ ಅರ್ಜಿ

ಅಕೌಂಟಂಟ್ ಅವಸರ ಮಾಡಲಿಲ್ಲ. ಸೊಸೆಗೆ ಮಾತ್ರ ಒಂದೊಂದು ದಿನವೂ ಒಂದು ವರ್ಷ. ದೀಪಾವಳಿ ಬಂತು, ಹೋಯಿತು. ಪಡಸಾಲೆಯ ಗಂಟು ಕದಲಲಿಲ್ಲ. ಕಂಪನಿಯಲ್ಲಿ ಸಿಕ್ಕಿಬಿದ್ದ ಹಿಂದಿನ ಮಾರಾಟದ ಹಣವೂ ಬರಲಿಲ್ಲ.

ಮಗ್ಗದ ಮಾಲೀಕರು ಮೊದಲು ಮಾತಿಗೇ ಸಿಗಲಿಲ್ಲ. ಹಳೇ ಚೀಟಿಗೆ ಈಗ ಹೊಸ ತಾರೀಖಿನ ಬಿಲ್ಲು ಕೊಡಲಾಗದು ಎಂದರು, ಅದು ಸರಿಯೂ ಹೌದು. ಆದರೆ ಆ ವರ್ಷದಲ್ಲಿ ಮಾವನ ಹೆಸರಿಗೆ ಕಂಪ್ಯೂಟರಿನಲ್ಲಿ ಮಾಡಿದ ಜಿಎಸ್‌ಟಿ ಬಿಲ್ಲು ಐದು ಅವರಲ್ಲೇ ಇದ್ದವು. ಮಾವ ಚೀಟಿ ಇಟ್ಟುಕೊಂಡು ಬಿಲ್ಲು ಅಲ್ಲೇ ಬಿಟ್ಟು ಬರುತ್ತಿದ್ದರು! ಮಗ್ಗದ ಹೆಸರು, ವಿಳಾಸ, ಜಿಎಸ್‌ಟಿ ನಂಬರ್, ಬಿಲ್ಲಿನ ಕ್ರಮಸಂಖ್ಯೆ, ತಾರೀಖು, ಮಾಲಿನ ವಿವರ, ಎಷ್ಟು ನಗ ಎಲ್ಲವೂ ಅದರಲ್ಲಿ ಸ್ಪಷ್ಟ. ಲೇಬಲ್ ಇಲ್ಲದ ಲಾಟಿನ ಬಿಲ್ಲೂ ಇತ್ತು.

ಮಾವನಿಂದ ಸೊಸೆಗೆ ಮಾಲು ಹೇಗೆ ಬಂತು? ಅದನ್ನು ಮುಚ್ಚಿಡದೆ ಇದ್ದದ್ದನ್ನೇ ಬರೆದರು. ಮಾವನದು ನೋಂದಣಿ ಬೇಕಿಲ್ಲದ ಸಣ್ಣ ಅಂಗಡಿ, ಮನೆ ಒಂದೇ, ಖರೀದಿ ಅವರ ಹೆಸರಿನಲ್ಲಿ ಆಗುತ್ತಿತ್ತು, ಇನ್ನು ಮುಂದೆ ನೇರ ಸೊಸೆಯ ಹೆಸರಿಗೇ ಎಂದು ಮಾವನ ಸಹಿಯ ಪತ್ರ. ಜೊತೆಗೆ ರೇಶನ್ ಕಾರ್ಡ್. ಲೈಟ್ ಬಿಲ್ಲು ಅಜ್ಜನ ಹೆಸರಿನಲ್ಲಿರುವುದಕ್ಕೆ ಮನೆ ತೆರಿಗೆ ರಸೀದಿ ಮತ್ತು ಒಪ್ಪಿಗೆ ಪತ್ರ.

ಹೆಸರಿನ ಗಂಟು ಬಿಡಿಸಲು ಮದುವೆ ನೋಂದಣಿ ಪ್ರಮಾಣಪತ್ರ ಬೇಕಾಯಿತು. ಇಂಡಿಯಿಂದ ತರಿಸಿದ ಪ್ರತಿ ಕನ್ನಡದಲ್ಲಿತ್ತು. ಅದನ್ನು ಇಂಗ್ಲಿಷಿಗೆ ಅನುವಾದಿಸಿ ಸೊಲ್ಲಾಪುರದಲ್ಲಿ ನೋಟರಿ ಮಾಡಿಸಬೇಕು. ಆಗ ವಿಧಾನಸಭೆ ಚುನಾವಣೆಯ ಗದ್ದಲ. ಕನ್ನಡ ಓದಿ ತಾಳೆ ನೋಡುವ ನೋಟರಿಯನ್ನು ಹುಡುಕಲು ಎರಡು ದಿನ ಹೋಯಿತು. ಸೊಲ್ಲಾಪುರದಲ್ಲಿ ಕನ್ನಡ ಮಾತಾಡುವವರಿಗೆ ಬರವಿಲ್ಲ, ಓದುವವರಿಗೆ ಮಾತ್ರ ಹುಡುಕಾಟ! ಪ್ಯಾನ್ ತಿದ್ದುಪಡಿಗೆ ಅರ್ಜಿ ಹಾಕಿ ಅದರ ಪೋಚ್ ಪಾವತಿಯನ್ನೂ ಲಗತ್ತಿಸಿದರು. ಪ್ಯಾನ್ ಆದ ಮೇಲೆ ಜಿಎಸ್‌ಟಿಯಲ್ಲೂ ಹೆಸರು ಬದಲಿಸಬೇಕು, ಅದಕ್ಕೆ ಅಧಿಕಾರಿಯ ಒಪ್ಪಿಗೆ ಬೇಕಾಗುತ್ತದೆ.

ಅರ್ಜಿ ಒಂದೇ ಪುಟ. ಅಜ್ಜನ ಕಾಲದ ಪ್ರಾಮಾಣಿಕತೆಯ ಮಾತಿಲ್ಲ. ಲೇಬಲ್ ಇಲ್ಲದ ಲಾಟನ್ನು ಲೇಬಲ್ ಇರುವ ಫೋಟೊ ಹಾಕಿ ಮಾರಿದ್ದು ನಮ್ಮ ತಪ್ಪು, ಗಿರಾಕಿಗೆ ಹಣ ಮರಳಿಸಿದ್ದೇವೆ, ಆ ಲಾಟನ್ನು ಮಾರಾಟದಿಂದ ತೆಗೆದಿದ್ದೇವೆ, ಮುಂದೆ ಪ್ರತಿ ಲಾಟ್ ಬಂದಾಗ ಲೇಬಲ್ ಮತ್ತು ಬಿಲ್ಲು ತಾಳೆ ನೋಡಿಯೇ ಫೋಟೊ ಹಾಕುತ್ತೇವೆ ಎಂದಿಷ್ಟೇ. ದಾಖಲೆಗಳನ್ನು ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದರು, ಈ ಸಲ ಹೆಬ್ಬೆರಳು ಇಲ್ಲ.

ಕೇಳುವವರು ಯಾರು?

ಈ ನಡುವೆ ಗಂಡ ಗ್ರಾಹಕ ನ್ಯಾಯಾಲಯಕ್ಕೆ ಹೋಗೋಣ ಎಂದು ಹಟ ಹಿಡಿದಿದ್ದರು. 2020ರ ಜುಲೈನಲ್ಲಿ ಬಂದ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು, ದೂರು ಬಂದ 48 ತಾಸಿನಲ್ಲಿ ಪೋಚ್ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆದರೆ ಇದು ಕೊಳ್ಳುವ ಗ್ರಾಹಕನ ದೂರಿಗೆ. ಮಾರುವವನಿಗೂ ಕಂಪನಿಗೂ ಇರುವುದು ಕರಾರು ಮಾತ್ರ. ಸೇರುವಾಗ ‘ಒಪ್ಪಿದ್ದೇನೆ’ ಎಂದು ಒತ್ತಿದ್ದೇ ಆ ಕರಾರು. ತಂಟೆ ಬಂದರೆ ಮಧ್ಯಸ್ಥಿಕೆಗೆ ಯಾವ ಊರಿಗೆ ಹೋಗಬೇಕು ಎಂಬುದನ್ನೂ ಅದರಲ್ಲೇ ಬರೆದಿರುತ್ತಾರೆ. ಓದಿದವರಿಲ್ಲ.

ಯುರೋಪ್ ಒಕ್ಕೂಟ 2019ರಲ್ಲಿ ಮಾಡಿ 2020ರ ಜುಲೈ 12ರಿಂದ ಜಾರಿಗೆ ತಂದ ನಿಯಮ ಇಂಥ ಸಣ್ಣ ಮಾರಾಟಗಾರರಿಗಾಗಿಯೇ ಬಂದದ್ದು. ಖಾತೆ ತಡೆದರೆ ಕಾರಣ ಬರೆದು ಕೊಡಬೇಕು, ಪೂರ್ತಿ ಮುಚ್ಚುವುದಾದರೆ ಸಾಮಾನ್ಯವಾಗಿ 30 ದಿನ ಮೊದಲು ತಿಳಿಸಬೇಕು ಎಂದು ಅದು ಹೇಳಿತು. ಹಬ್ಬದ ಮುಂದೆ ಒಂದು ಬೆಳಗಿಗೆ ಅಂಗಡಿ ಮುಚ್ಚಿಸಿಕೊಂಡ ಅಕ್ಕಲಕೋಟದ ಮನೆಗೆ ಆ 30 ದಿನ ಸಿಕ್ಕಿದ್ದರೆ ಒಂದು ಮೂಟೆಯಾದರೂ ಖಾಲಿಯಾಗುತ್ತಿತ್ತು.

ಮತದಾನ ಮುಗಿದ ಎರಡು ದಿನಕ್ಕೆ, ನವೆಂಬರ್ 22ರ ಸಂಜೆ ಕೆಂಪು ಪಟ್ಟಿ ಹೋಯಿತು. ಖಾತೆ ತೆರೆಯಿತು, ತಡೆದಿಟ್ಟ ಹಣ ಮುಂದಿನ ಕಂತಿನಲ್ಲಿ ಜಮೆಯಾಯಿತು. ಆದರೆ ಚಾದರದ ಪುಟ ಮಾತ್ರ ತೆರೆದಿಲ್ಲ. ಅದಕ್ಕೆ ಮಗ್ಗದವರಿಂದ ಬೇರೆ ಪತ್ರ ಬೇಕಂತೆ. ಟವೆಲ್ ಹುಡುಕಿದರೆ ಮೊದಲ ಪುಟದಲ್ಲಿ ಬರುತ್ತಿದ್ದ ಅವರ ಅಂಗಡಿ ಆರನೇ ಪುಟಕ್ಕೆ ಸರಿದಿತ್ತು.

ಉಳಿದ ಚಾದರವನ್ನು 2025ರ ಸಂಕ್ರಮಣಕ್ಕೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಕೈಮೇಲೆ ಹೊತ್ತು ಮಾರಿದರು, ಅಸಲಿಗಿಂತ ಸ್ವಲ್ಪ ಕಡಿಮೆಗೆ. ಅಲ್ಲಿ ಬಿಲ್ಲು ಕೇಳಿದವರಿಲ್ಲ. ಮಗ್ಗದ ಗುಮಾಸ್ತನ ಮೇಜಿನ ಗಾಜಿನ ಕೆಳಗೆ ಈಗ ಸೊಸೆಯ ಪ್ಯಾನ್ ಕಾರ್ಡಿನ ಜೆರಾಕ್ಸ್ ಇದೆ. “ಅಕ್ಷರ ನೋಡೇ ಬರೀರಿ ಕಾಕಾ” ಎಂದು ಆಕೆಯೇ ಹೋಗಿ ಇಟ್ಟು ಬಂದಿದ್ದಾರೆ. ಮಾವ ಈಗಲೂ ಚೀಟಿ ಇಸಿದುಕೊಳ್ಳುತ್ತಾರೆ, ಬಿಲ್ಲನ್ನೂ ತರುತ್ತಾರೆ.