ಟಿವಿ ಪರದೆಗೂ ಇಂಕ್‌ಜೆಟ್

ದಕ್ಷಿಣ ಕೊರಿಯಾದ ಆಸಾನ್‌ನಲ್ಲಿರುವ ಸ್ಯಾಮ್‌ಸಂಗ್ ಡಿಸ್‌ಪ್ಲೇ ಕಾರ್ಖಾನೆಯಿಂದ 2021ರ ಕೊನೆಯಲ್ಲಿ ಹೊಸ ಬಗೆಯ ಪರದೆಗಳು ಹೊರಬರತೊಡಗಿದವು. ಹೆಸರು ಕ್ಯೂಡಿ-ಒಎಲ್‌ಇಡಿ. ಇದರೊಳಗೆ ತಾನಾಗಿ ಬೆಳಗುವುದು ನೀಲಿ ಬೆಳಕು. ಕೆಂಪು, ಹಸಿರು ಎರಡೂ ಆ ನೀಲಿಯಿಂದಲೇ ಹುಟ್ಟಬೇಕು. ಹುಟ್ಟಿಸುವ ಪದರವನ್ನು ಹಾಕುವುದು ಇಂಕ್‌ಜೆಟ್ ಯಂತ್ರ; ಸ್ಟುಡಿಯೊಗಳಲ್ಲಿ ಪಾಸ್‌ಪೋರ್ಟ್ ಫೋಟೊ ಮುದ್ರಿಸಿಕೊಡುವ ಪ್ರಿಂಟರ್‌ನ ಬಲು ದುಬಾರಿ ದಾಯಾದಿ.

ಶಾಯಿಯಲ್ಲಿರುವುದು ಕ್ವಾಂಟಮ್ ಡಾಟ್‌ಗಳು, ಅಂದರೆ ಕೆಲವೇ ನ್ಯಾನೊಮೀಟರ್ ಗಾತ್ರದ ಅರೆವಾಹಕ ಹರಳುಗಳು. ಹರಳು ಕಿರಿದಾದಷ್ಟೂ ಒಳಗಿನ ಎಲೆಕ್ಟ್ರಾನ್‌ಗೆ ಜಾಗ ಇಕ್ಕಟ್ಟು; ಅದು ಹೊರಹಾಕುವ ಬೆಳಕಿನ ಶಕ್ತಿ ಹೆಚ್ಚು. ಕ್ಯಾಡ್ಮಿಯಂ ಸೆಲೆನೈಡ್ ಹರಳು 2 ನ್ಯಾನೊಮೀಟರ್ ಆಸುಪಾಸಿನಲ್ಲಿದ್ದರೆ ನೀಲಿ, 6ರ ಹತ್ತಿರ ಹೋದರೆ ಕೆಂಪು. ವಸ್ತು ಒಂದೇ, ಗಾತ್ರ ಮಾತ್ರ ಬೇರೆ. ಗಾತ್ರ ತಪ್ಪದಂತೆ ಹರಳು ಬೆಳೆಸುವ ವಿಧಾನವನ್ನು 1993ರಲ್ಲಿ ಕೊಟ್ಟವರು ಎಂಐಟಿಯ ಮೌಂಜಿ ಬಾವೆಂಡಿ. ಲೂಯಿ ಬ್ರೂಸ್ ಮತ್ತು ಅಲೆಕ್ಸಿ ಎಕಿಮೊವ್ ಜೊತೆ ಅವರಿಗೆ 2023ರ ರಸಾಯನವಿಜ್ಞಾನದ ನೊಬೆಲ್ ಬಂತು. ಕ್ಯಾಡ್ಮಿಯಂ ವಿಷಕಾರಿಯಾದ್ದರಿಂದ ಟಿವಿ ತಯಾರಕರು ಈಗ ಹೆಚ್ಚಾಗಿ ಇಂಡಿಯಂ ಫಾಸ್ಫೈಡ್‌ನತ್ತ ವಾಲಿದ್ದಾರೆ.

ಮುದ್ರಿಸುವ ಉಸಾಬರಿ ಏಕೆ? ಹಳೆಯ ದಾರಿಯಲ್ಲಿ ಗಾಜಿಗೆಲ್ಲ ಪದರ ಬಳಿದು, ಬೇಕಾದಲ್ಲಿ ಬೆಳಕು ಬಿಟ್ಟು ಗಟ್ಟಿ ಮಾಡಿ, ಮಿಕ್ಕಿದ್ದನ್ನು ತೊಳೆದುಹಾಕಬೇಕು. ಕೆಂಪಿಗೊಮ್ಮೆ, ಹಸಿರಿಗೊಮ್ಮೆ. ಅಷ್ಟು ದುಬಾರಿ ಹರಳು ಚರಂಡಿಪಾಲು. ಇಂಕ್‌ಜೆಟ್ ಆದರೆ ಪ್ರತಿ ಪಿಕ್ಸೆಲ್‌ನಲ್ಲಿ ಬಣ್ಣಕ್ಕೊಂದರಂತೆ ಇರುವ ಪುಟ್ಟ ಗುಣಿಗಳಲ್ಲಿ ಬೇಕಾದುದಕ್ಕಷ್ಟೇ ಹನಿ ಬೀಳುತ್ತದೆ.

ಆ ಹನಿಯ ಅಳತೆ ನೋಡಬೇಕು. 10 ಪಿಕೊಲೀಟರ್ ಹನಿಯ ಅಡ್ಡಗಲ ಸುಮಾರು 27 ಮೈಕ್ರಾನ್, ತಲೆಗೂದಲಿಗಿಂತ ಸಣ್ಣ. ಒಂದು ಮಿಲಿಲೀಟರ್ ಶಾಯಿಯಲ್ಲಿ ಅಂಥವು 10 ಕೋಟಿ. ಕೆಲವು ಕಚೇರಿ ಪ್ರಿಂಟರ್‌ಗಳು ಶಾಯಿಯನ್ನು ಕ್ಷಣಮಾತ್ರ ಕುದಿಸಿ, ಗುಳ್ಳೆಯ ಒತ್ತಡದಿಂದ ಹನಿ ಚಿಮ್ಮಿಸುತ್ತವೆ. ಬಿಸಿ ತಾಗಿದರೆ ಕೆಡುವ ಶಾಯಿಗೆ ಅದು ಒಗ್ಗದು. ಇಲ್ಲಿ ಬಳಸುವುದು ಪೀಜೊ ತಲೆ: ವೋಲ್ಟೇಜ್ ಕೊಟ್ಟೊಡನೆ ಆಕಾರ ಬದಲಿಸುವ ವಸ್ತುವೊಂದು ಶಾಯಿಯ ಕೋಣೆಯನ್ನು ಹಿಂಡಿ ಹನಿ ತಳ್ಳುತ್ತದೆ.

ಹನಿ ಹಾರಿಸುವುದಕ್ಕಿಂತ ಅದನ್ನು ನೆಟ್ಟಗೆ ಒಣಗಿಸುವುದೇ ದೊಡ್ಡ ತಲೆನೋವು. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಅಂಚಿನಲ್ಲಿ ಕಪ್ಪು ಉಂಗುರ ಉಳಿಯುತ್ತದಲ್ಲ, ಅದೇ ಕಾಟ ಇಲ್ಲೂ. 1997ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಕಾರಣ ಬಿಡಿಸಿಟ್ಟರು. ಹನಿಯ ಅಂಚು ಅಂಟಿ ನಿಂತಿರುತ್ತದೆ, ದ್ರವ ಅಲ್ಲೇ ಬೇಗ ಆವಿಯಾಗುತ್ತದೆ, ಆ ಕೊರತೆ ತುಂಬಲು ನಡುವಿನಿಂದ ಹರಿದುಬರುವ ದ್ರವ ಕಣಗಳನ್ನೂ ಅಂಚಿಗೆ ಹೊತ್ತೊಯ್ಯುತ್ತದೆ. ಪಿಕ್ಸೆಲ್‌ನಲ್ಲಿ ಹೀಗಾದರೆ ಅಂಚು ದಪ್ಪ, ನಡು ತೆಳು; ತೆಳುವಾದಲ್ಲಿ ನೀಲಿ ಬೆಳಕು ಬಣ್ಣ ಬದಲಿಸದೆ ಸೋರುತ್ತದೆ. ಬೇಗ ಆರುವ ದ್ರಾವಕದ ಜೊತೆ ನಿಧಾನವಾಗಿ ಆರುವುದನ್ನೂ ಬೆರೆಸಿದರೆ ಎದುರು ಹರಿವು ಹುಟ್ಟಿ ಕಣಗಳು ನಡುವಿಗೆ ಮರಳುತ್ತವೆ. ಇನ್ನೂ ಜಾಣ ಉಪಾಯವೆಂದರೆ ಒಣಗಿಸುವ ಗೋಜನ್ನೇ ಬಿಡುವುದು. ದ್ರಾವಕವೇ ಇಲ್ಲದ ಶಾಯಿ ಸುರಿದು ಅತಿನೇರಳೆ ಬೆಳಕಿನಲ್ಲಿ ಗಟ್ಟಿ ಮಾಡಿದರೆ, ಸುರಿದ ದಪ್ಪ ಬಹುಪಾಲು ಹಾಗೇ ಉಳಿಯುತ್ತದೆ. ನೀಲಿಯನ್ನು ಚೆನ್ನಾಗಿ ಹೀರಲು ಪದರ ಹತ್ತು ಮೈಕ್ರಾನ್‌ನಷ್ಟು ದಪ್ಪವಿರಬೇಕಾದ್ದರಿಂದ ಈ ಶಾಯಿ ವರವೇ ಸರಿ.

ಹನಿ ಚಿಮ್ಮಿಸುವ ನಳಿಕೆಗಳದ್ದು ಇನ್ನೊಂದು ರಗಳೆ. ಒಂದು ನಳಿಕೆ ಪಕ್ಕದ್ದಕ್ಕಿಂತ ತುಸು ಹೆಚ್ಚು ಸುರಿದರೂ ಪರದೆಯುದ್ದಕ್ಕೂ ಮಾಸಲು ಪಟ್ಟೆ ಮೂಡುತ್ತದೆ. 4ಕೆ ಪರದೆಯಲ್ಲಿ ಪಿಕ್ಸೆಲ್‌ಗಳೇ 82,94,400. ಕೆಂಪು, ಹಸಿರು ಸೇರಿ ತುಂಬಬೇಕಾದ ಗುಣಿಗಳು ಅದರ ಇಮ್ಮಡಿ. ಒಂದೇ ಗುಣಿಗೆ ಬೇರೆ ಬೇರೆ ನಳಿಕೆಗಳಿಂದ ಹನಿ ಹಾಕಿದರೆ ಹೆಚ್ಚುಕಡಿಮೆಗಳು ತಮ್ಮಲ್ಲೇ ಸರಿದೂಗುತ್ತವೆ.

ಇಷ್ಟಾದರೂ ಮೊದಲ ತಲೆಮಾರಿನ ಈ ಪರದೆಗಳಿಗೆ ದೂರು ತಪ್ಪಲಿಲ್ಲ. ಹೊರಗಿನ ಬೆಳಕಿನ ಪ್ರತಿಫಲನ ತಡೆಯುವ ಧ್ರುವಕ ಪದರ ಇಲ್ಲದ್ದರಿಂದ ಬೆಳಕು ತುಂಬಿದ ಕೋಣೆಯಲ್ಲಿ ಕಪ್ಪು ಬಣ್ಣ ತುಸು ಬೂದಾಗಿ ಕಾಣುತ್ತಿತ್ತು. ಪ್ರಯೋಗಾಲಯಗಳ ಕಣ್ಣು ಈಗ ಮುಂದಿನ ಹಂತದ ಮೇಲಿದೆ: ನೀಲಿಯ ಹಂಗಿಲ್ಲದೆ, ವಿದ್ಯುತ್ ಹರಿಸಿದೊಡನೆ ತಾವೇ ಬೆಳಗುವ ಡಾಟ್‌ಗಳನ್ನು ಮುದ್ರಿಸುವುದು. ಅಲ್ಲಿ ಪದರದ ದಪ್ಪ ಹತ್ತಾರು ನ್ಯಾನೊಮೀಟರ್ ಅಷ್ಟೇ, ಹಾಗಾಗಿ ದ್ರಾವಕ, ಉಂಗುರ ಎರಡೂ ಮತ್ತೆ ಹಾಜರ್. ಸಾಲದ್ದಕ್ಕೆ ಕೆಂಪು, ಹಸಿರು ಡಾಟ್‌ಗಳು ಬಾಳಿದಷ್ಟು ಕಾಲ ನೀಲಿಯವು ಬಾಳುತ್ತಿಲ್ಲ.